ಮಕ್ತಲ್‌ನ ಕುರಿ, ಗದ್ವಾಲ್‌ನ ಲೊಕೇಶನ್

ಎರಡು ವರ್ಷಗಳ ಹಿಂದಿನ ಬೇಸಿಗೆ. ಕುರಿಗಳಿಗೆ ಲಸಿಕೆ ಹಾಕುವ ಒಂದು ಖಾಸಗಿ ಸಂಸ್ಥೆಯ ನಾರಾಯಣಪೇಟೆ ಕಚೇರಿಯಲ್ಲಿ ನಾನು ಇಂಟಿಗ್ರೇಷನ್ ಎಂಜಿನಿಯರ್ ಆಗಿದ್ದೆ. ಲಸಿಕೆ ಹಾಕುವವರು ಮೊಬೈಲ್ ಆ್ಯಪ್‌ನಲ್ಲಿ ತುಂಬುವ ಮಾಹಿತಿ ಕಚೇರಿಯ ಸರ್ವರ್‌ಗೆ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸಿಗ್ನಲ್ ಇಲ್ಲದ ಕಡೆ ಆ್ಯಪ್ ಆ ಮಾಹಿತಿಯನ್ನು ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಇದಕ್ಕೆ ನಾವು ಸಿಂಕ್ ಎನ್ನುತ್ತೇವೆ.

ಒಂದು ಬೆಳಿಗ್ಗೆ ಮ್ಯಾನೇಜರ್ ಸುಧಾಕರ್ ನನ್ನನ್ನು ಕರೆದು, ಲಸಿಕೆ ಹಾಕಿದ ಜಾಗಗಳನ್ನು ಚುಕ್ಕೆಗಳಲ್ಲಿ ಗುರುತಿಸಿದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಮಕ್ತಲ್ ಕಡೆಯ ಕುರಿಹಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವಳು ರೇಣುಕಾ. ಅವಳ ನಮೂದುಗಳೆಲ್ಲ ಕೃಷ್ಣೆಯ ಆಚೆ, ಅವಳ ಮನೆಯಿರುವ ಗದ್ವಾಲ್‌ನಲ್ಲೇ ಗುಂಪಾಗಿ ಬಿದ್ದಿದ್ದವು.

"ಮನ್ಯಾಗ ಕುಂತು ಎಂಟ್ರಿ ಹೊಡೀತಾಳ್ರೀ. ಲಸಿಕೆ ಎಲ್ಲಿ ಹೋಗ್ತೈತಿ? ಕೆಲಸದಿಂದ ತೆಗೀಬೇಕಂದ್ರ ಪುರಾವೆ ಬೇಕು. ನೀವು ಹೋಗಿ ನೋಡ್ರಿ," ಎಂದರು.

ಉಳಿದವರ ಚುಕ್ಕೆಗಳು ಆಯಾ ಹಳ್ಳಿಗಳ ಮೇಲೆಯೇ ಇದ್ದವು. ಆ್ಯಪ್ ಕೆಟ್ಟಿದ್ದರೆ ಎಲ್ಲರದೂ ಕೆಡಬೇಕಿತ್ತಲ್ಲ ಎಂದು ನನಗೂ ಅನ್ನಿಸಿತು. ಫೋನ್ ಮಾಡಿದಾಗ ಅವಳು ಸಿಗುತ್ತಲೂ ಇರಲಿಲ್ಲ.

ಮರುದಿನ ಮಕ್ತಲ್‌ನಲ್ಲಿ ಅವಳನ್ನು ಭೇಟಿಯಾಗಿ, ಅವಳ ಸ್ಕೂಟಿಯ ಹಿಂದೆ ಬೈಕಿನಲ್ಲಿ ಹೊರಟೆ. ಹೊಳೆದಂಡೆಗೆ ಇಳಿಯುತ್ತಿದ್ದಂತೆ ಸಿಗ್ನಲ್ ಹೋಯಿತು. ಕುರುಬರ ಮಾಳಪ್ಪನ ಹಟ್ಟಿಯೆದುರು ಅವಳು ಲಸಿಕೆಯ ಐಸ್ ಡಬ್ಬಿ ತೆರೆದಳು. ಮಾಳಪ್ಪ ಮಾತ್ರ ಬಾಗಿಲಿನ ಮುಳ್ಳುಕಂಟಿ ಸರಿಸಲಿಲ್ಲ.

"ಈಕಿ ನೀರು ಚುಚ್ಚತಾಳಂತ. ನಿಮ್ಮ ಆಫೀಸಿನ ಮಂದೀನ ಅಂದಾರ. ಖರೇ ಏನ್ರೀ?" ಎಂದು ನನ್ನನ್ನೇ ಕೇಳಿದ.

ಕಚೇರಿಯ ಅನುಮಾನ ನಮಗಿಂತ ಮೊದಲೇ ಹೊಳೆದಂಡೆ ಮುಟ್ಟಿತ್ತು. ಮಳೆ ಬಿದ್ದು ಹಸಿ ಹುಲ್ಲು ಚಿಗುರಿದರೆ ಕುರಿಗಳನ್ನು ಕೊಲ್ಲುವ ಕರುಳುಬೇನೆ ಬರುತ್ತದೆ. ಅದಕ್ಕೆ ಮೊದಲೇ ಲಸಿಕೆ ಆಗಬೇಕು. ಸೂಜಿ ಹಾಕುವುದನ್ನು ನೋಡಲೆಂದೇ ಬಂದಿದ್ದೇನೆ ಎಂದೆ. ರೇಣುಕಾ ನನ್ನತ್ತ ತಿರುಗಿದಳು.

"ನೀವು ಸೂಜಿ ನೋಡಾಕ ಬಂದಿಲ್ರೀ ಸರ್, ನನ್ನ ನೋಡಾಕ ಬಂದೀರಿ. ನೋಡ್ರಿ."

ಸೀಲು ಒಡೆಯದ ಬಾಟಲಿಯನ್ನು ಮಾಳಪ್ಪನ ಕೈಗೆ ಕೊಟ್ಟಳು. ಅವನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಕೊನೆಗೆ ಅರ್ಧ ಮಂದೆಯನ್ನಷ್ಟೇ ಸೂಜಿಗೆ ಬಿಟ್ಟ. ಪ್ರತಿ ಕುರಿಗೂ ಚುಚ್ಚಿದ ಕೂಡಲೇ ಅವಳು ಅದರ ಕಿವಿಯೋಲೆಯ, ಅಂದರೆ ಗುರುತಿನ ಟ್ಯಾಗಿನ, ನಂಬರನ್ನು ಆ್ಯಪ್‌ನಲ್ಲಿ ಹೊಡೆಯುತ್ತಿದ್ದಳು. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್‌ನಿಂದ ಫೋನಿನ ಪರದೆಯ ಮೇಲೆ ಬಂದ ಲೊಕೇಶನ್ ಹೊಳೆದಂಡೆಯದೇ. ನಾನು ಅದರ ಫೋಟೋ ತೆಗೆದುಕೊಂಡೆ.

ಸಂಜೆ ಜೂರಾಲ ಅಣೆಕಟ್ಟು ದಾಟಿ ಅವಳ ಜೊತೆಗೇ ಗದ್ವಾಲ್‌ಗೆ ಹೋದೆ. ಊರು ಸೇರುತ್ತಲೇ ಅವಳ ಫೋನ್ ಸಿಂಕ್ ಆಯಿತು. ರೈಲ್ವೆ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ನನ್ನ ಕಣ್ಣೆದುರು ಮಕ್ತಲ್‌ನಲ್ಲಿ ಸೂಜಿ ಚುಚ್ಚಿಸಿಕೊಂಡ ಕುರಿಗಳೆಲ್ಲ ಸರ್ವರ್‌ನಲ್ಲಿ ಗದ್ವಾಲ್‌ನಲ್ಲಿದ್ದವು! ಪರದೆ ಅವಳಿಗೂ ತೋರಿಸಿದೆ. ಅವಳು ಐಸ್ ಡಬ್ಬಿ ಎತ್ತಿಕೊಂಡು ಸ್ಕೂಟಿ ಹತ್ತಿ ಮನೆಗೆ ಹೋದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ನಾರಾಯಣಪೇಟೆಗೆ ಮರಳಿ ಒಂದೊಂದೇ ಹಂತ ಪರೀಕ್ಷಿಸಿದೆ. ಆ್ಯಪ್ ಎರಡು ಲೊಕೇಶನ್ ಕಳಿಸುತ್ತಿತ್ತು: ಲಸಿಕೆ ಹಾಕಿದ ಜಾಗ ಮತ್ತು ಸಿಂಕ್ ಆದ ಜಾಗ. ನಡುವಿನ ಇಂಟಿಗ್ರೇಷನ್ ಸಾಫ್ಟ್‌ವೇರನ್ನು ಹೊರಗುತ್ತಿಗೆಯವರು ಅಪ್‌ಡೇಟ್ ಮಾಡಿದ್ದರು. ಯಾವ ಮಾಹಿತಿ ಸರ್ವರ್‌ನ ಯಾವ ಕಾಲಂಗೆ ಹೋಗಬೇಕೆಂಬ ಜೋಡಣೆ, ಅಂದರೆ ಮ್ಯಾಪಿಂಗ್, ಆಗ ಅದಲುಬದಲಾಗಿತ್ತು. ಸಿಂಕ್ ಆದ ಜಾಗವೇ ಲಸಿಕೆ ಹಾಕಿದ ಜಾಗದ ಕಾಲಂನಲ್ಲಿ ಕೂರುತ್ತಿತ್ತು. ಉಳಿದವರಿಗೆ ಹಳ್ಳಿಯಲ್ಲೇ ಸಿಗ್ನಲ್ ಸಿಗುತ್ತಿದ್ದುದರಿಂದ ಎರಡೂ ಜಾಗ ಒಂದೇ ಆಗುತ್ತಿತ್ತು. ಸಿಕ್ಕಿಬಿದ್ದವಳು ರೇಣುಕಾ ಒಬ್ಬಳೇ.

ಸುಧಾಕರ್ ವರದಿ ಓದಿ, "ಸರಿ, ಮ್ಯಾಪಿಂಗ್ ತಿದ್ರಿ. ಆಕೀಗೆ ಕೆಲಸಕ್ಕ ಬರಾಕ ಹೇಳ್ರಿ," ಎಂದರು. ನಾನು ಫೋನಿನಲ್ಲಿ ಹೇಳಿದರೆ ರೇಣುಕಾ ಒಪ್ಪಲಿಲ್ಲ.

"ಆಫೀಸಿನ್ಯಾಗ ಹೇಳಿದ್ರ ಏನು ಬಂತ್ರೀ? ಹಟ್ಟಿಗೆ ಬಂದು ಹೇಳ್ರಿ."

ಸುಧಾಕರ್ ಗೊಣಗಿದರೂ ಬಂದರು. ಮಾಳಪ್ಪನೆದುರು ನಿಂತು, ತಪ್ಪು ಯಂತ್ರದ್ದು, ರೇಣುಕಾಳದ್ದಲ್ಲ ಎಂದರು. ಮಾಳಪ್ಪ ಪೂರ್ತಿ ಕೇಳಿಸಿಕೊಂಡ.

"ಯಂತ್ರ ಇಲ್ಲೀತನ ಬಂದು ಹೇಳಲಿಲ್ರೀ, ಮನಶ್ಯಾರ ಹೇಳಿದ್ರು. ಆ ಮಾತು ಈಗ ಹಟ್ಟಿ ಹಟ್ಟಿಗೆ ಹೋಗೇತಿ. ಅದನ್ನ ಯಾವ ಫೋನಿನ್ಯಾಗ ತಿದ್ದತೀರಿ?"

ಆ ಮಾತು ಹೊರಟದ್ದು ಕಚೇರಿಯಿಂದಲೇ ಎಂದು ಸುಧಾಕರ್ ಒಪ್ಪಿಕೊಂಡರು. ಆಮೇಲೆ ರೇಣುಕಾಳ ಜೊತೆ ತಾವೇ ಉಳಿದ ಹಟ್ಟಿಗಳಿಗೂ ಹೋದರು. ಮಾಳಪ್ಪ ಉಳಿದ ಅರ್ಧ ಮಂದೆಯನ್ನೂ ಸೂಜಿಗೆ ಬಿಟ್ಟ. ಆದರೆ ಕೆಲವರು ಮುಳ್ಳುಕಂಟಿ ತೆಗೆಯಲೇ ಇಲ್ಲ. ಆ ಮಳೆಗಾಲದಲ್ಲಿ ಅಂಥ ಒಂದು ಹಟ್ಟಿಗೆ ಕರುಳುಬೇನೆ ಹೊಕ್ಕಿತು. ಕರೆ ಬಂದಾಗ ಹೋದವಳು ರೇಣುಕಾಳೇ.

ಮ್ಯಾಪಿಂಗ್ ತಿದ್ದಲು ನನಗೆ ಅರ್ಧ ತಾಸೂ ಹಿಡಿದಿರಲಿಲ್ಲ. ಈಗ ಯಾವ ವರದಿಯಲ್ಲಾದರೂ ಒಬ್ಬರ ಹೆಸರಿನೆದುರು ಅನುಮಾನದ ಗುರುತು ಕಂಡರೆ, ಅದನ್ನು ಯಾರಿಗೂ ತೋರಿಸುವ ಮೊದಲು ಆ ಮಾಹಿತಿ ಹುಟ್ಟಿದ ಜಾಗಕ್ಕೆ ಹೋಗಿ ಬರುತ್ತೇನೆ.