ಬೀದಿ ಬೆಕ್ಕಿಗೆ ಕೊಟ್ಟ ಉಸಿರು

೧೯೮೩ರ ಮಾತು. ಮದುವೆಯಾಗಿ ಇಳಕಲ್ಲಿಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮದು ನೇಕಾರರ ಮನೆ. ಯಾರ ಕೈಗೂ ಸಿಗದ ಬೂದು ಬಣ್ಣದ ಬೀದಿ ಬೆಕ್ಕೊಂದು ಕಾಲು ಇಳಿಬಿಟ್ಟು ಕೂತು ನೇಯುವ ನಮ್ಮ ಮಗ್ಗದ ಕುಣಿಯಲ್ಲೇ ಮರಿ ಹಾಕುತ್ತಿತ್ತು. ಮರಿಗಳು ಓಡಾಡುವಷ್ಟಾದರೆ ಸಾಕು, ನಾಯಿಗಳ ಪಾಲು. ಬೆಕ್ಕು ಮತ್ತೆ ಗಬ್ಬವಾಗುತ್ತಿತ್ತು. ಬರಬರುತ್ತಾ ಅದರ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು.

"ಚೀಲದಾಗ ಕಟ್ಟಿ ಹಳ್ಳಕ್ಕ ಒಗದು ಬರ್ರಿ, ಪೀಡಾ ಹೋಗತೈತಿ," ಎಂದರು ಪಕ್ಕದ ಮನೆಯವರು.

"ಹಾಲ ಹಾಕಿದ ಕೈಲೆ ಹಳ್ಳಕ್ಕ ಒಗೀಲ್ಯಾ?" ಎಂದು ನಮ್ಮತ್ತೆ ಸಿಡುಕಿದರು.

ಹುನಗುಂದದ ದನದ ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದಾರೆ, ನಾಯಿಗೆ ಮರಿಯಾಗದಂತೆ ಆಪರೇಷನ್ ಮಾಡುತ್ತಾರೆ ಎಂದು ಯಾರೋ ಹೇಳಿದರು. ಅತ್ತೆ ಬೆಕ್ಕನ್ನು ಹೇಗೋ ನೂಲಿನ ಬುಟ್ಟಿಯೊಳಗೆ ಕೆಡವಿ, ಮುಚ್ಚಳ ಬಿಗಿದು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬುಟ್ಟಿ ಗುರುಗುಟ್ಟಿತು, ಜನ ನಕ್ಕರು.

ಡಾಕ್ಟರಿಗೆ ಮೂವತ್ತೂ ಆಗಿರಲಿಕ್ಕಿಲ್ಲ. "ಅವ್ವಾರ, ಬೆಕ್ಕಿಗೆ ಕಾಲೇಜಿನ್ಯಾಗ ಮಾಡಿದ್ದಷ್ಟ. ಜೀವಕ್ಕ ಹೆದರಿಕಿ ಐತಿ ನೋಡ್ರಿ," ಎಂದರು.

"ಮಾಡಪಾ. ಹಿಂಗ ಹಡದು ಹಡದು ಹೆಂಗೂ ಸಾಯತೈತಿ."

ಜವಾನ ಬಂದಿರಲಿಲ್ಲ. ಬ್ಯಾಟರಿ ಬೆಳಕು ಹಿಡಿಯಲು ನನ್ನನ್ನೇ ನಿಲ್ಲಿಸಿಕೊಂಡರು. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಯ ಹೊಲಿಗೆ ಹಾಕುವಾಗ ಬೆಕ್ಕಿನ ಎದೆ ಏರಿಳಿಯುವುದು ನಿಂತುಬಿಟ್ಟಿತು.

ಡಾಕ್ಟರು ಎದೆ ಒತ್ತಿ ನೋಡಿದರು. ಉಸಿರು ಬರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಗ್ಗಿ, ಆ ಬೀದಿ ಬೆಕ್ಕಿನ ಬಾಯಿ ಒತ್ತಿ ಹಿಡಿದು, ಅದರ ಮೂಗಿಗೆ ತಮ್ಮ ಬಾಯಿ ಹಚ್ಚಿ ಮೆಲ್ಲಗೆ ಊದಿದರು. ಪುಟ್ಟ ಎದೆ ಉಬ್ಬಿತು. ಮತ್ತೆ ಊದಿದರು. "ಉಸರಾಡವಾ, ಉಸರಾಡ," ಎನ್ನುತ್ತಾ ಮತ್ತೂ ಊದಿದರು. ಕೊನೆಗೆ ಬೆಕ್ಕು ಒಮ್ಮೆ ಕಂಪಿಸಿ ತಾನೇ ಉಸಿರೆಳೆದುಕೊಂಡಿತು.

ನಮ್ಮತ್ತೆ ಪರಸ್ಥಳದಲ್ಲಿ ಗುಟುಕು ನೀರೂ ಮುಟ್ಟದ ಮಡಿಯವರು. ಬಾಗಿಲ ಬಳಿ ಕೂತಿದ್ದವರು ಎದ್ದು ಬಂದು ತಮ್ಮ ಸೆರಗಿನಿಂದಲೇ ಡಾಕ್ಟರ ಬಾಯಿ ಒರೆಸಿದರು. "ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ ಯಪ್ಪಾ," ಎಂದು ಅತ್ತರು.

ಗಾಯ ಮಾಯ್ದ ಮೇಲೆ ಬೆಕ್ಕು ಮಾಳಿಗೆ ಹತ್ತಿ ಹೋಯಿತು. ಮೊದಲಿನಂತೆ ಯಾರ ಕೈಗೂ ಸಿಗಲಿಲ್ಲ. ಆದರೆ ಮೈ ತುಂಬಿಕೊಂಡು ಎಷ್ಟೋ ವರ್ಷ ಬದುಕಿತು. ಆಮೇಲೆ ನಮ್ಮ ಓಣಿಯ ಇನ್ನೂ ಕೆಲವು ಬೆಕ್ಕುಗಳು ಹುನಗುಂದದ ಬಸ್ಸು ಹತ್ತಿದವು.

ಡಾಕ್ಟರು ವರ್ಗವಾಗಿ ಎಲ್ಲಿಗೆ ಹೋದರೋ ಗೊತ್ತಿಲ್ಲ. ಇಂದಿಗೂ ಗುಡಿಯಲ್ಲಿ ಕೈಮುಗಿದು ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು, ಮೇಜಿನ ಮೇಲೆ ಬಗ್ಗಿದ ಆ ಬೆನ್ನು.