ಅತ್ತೆಯ ಬೆರಳಿಗೆ ಮೂರು ಸೆಕೆಂಡು

ಬೆಳಿಗ್ಗೆ ಐದೂವರೆ. ಬೀದಿಯ ಶಟರುಗಳೆಲ್ಲ ಇನ್ನೂ ಕೆಳಗಿವೆ. ಒಂದು ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ, ಕಸೂತಿ ಮಷೀನಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ನೆಲದ ಮೇಲೆ ಮಲಗಿರುವ ಹೆಂಗಸೊಬ್ಬರು ಕಾಣುತ್ತಾರೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಾರೆ. ಹಾಗಾಗಿ ನನ್ನ ನಮಸ್ಕಾರಕ್ಕೆ ಬಂದ ಉತ್ತರ "ಹ್ಞೂಂ" ಅಷ್ಟೇ.

ಬೀದಿಗೆಲ್ಲ ಇವರು ಫ್ಲಾಪಿ ಅಕ್ಕ. ವಯಸ್ಸು ನಲವತ್ತಾರು. ಎಂಟು ಗಂಟೆಗೆ ಕೆಲಸದವರು ಬರುವಷ್ಟರಲ್ಲಿ ಈ ಮಷೀನು ಹೊಲಿಯುತ್ತಿರಬೇಕು. ಶಾಲೆಯ ಬ್ಯಾಡ್ಜು, ಆಸ್ಪತ್ರೆಯ ಟವೆಲಿನ ಮೇಲಿನ ಹೆಸರು, ಕಾವಲುಗಾರರ ಅಂಗಿಯ ಪಟ್ಟಿ ಎಲ್ಲ ತಯಾರಾಗುವುದು ಇಂಥ ಮಷೀನುಗಳಲ್ಲೇ. ಬೀದಿಯಲ್ಲಿ ಹನ್ನೊಂದು ಕಸೂತಿ ಅಂಗಡಿಗಳಿವೆ, ಮೂವತ್ನಾಲ್ಕು ಮಷೀನುಗಳಿವೆ. ಮೂವತ್ತು ವರ್ಷಕ್ಕಿಂತ ಚಿಕ್ಕದು ಒಂದೂ ಇಲ್ಲ.

ಈ ಮಷೀನುಗಳಿಗೆ ಚಿತ್ರ ತುಂಬಲು ಹಿಂದೆ ಫ್ಲಾಪಿ ಬೇಕಿತ್ತು. ಫ್ಲಾಪಿ ತಯಾರಿಸುವವರೇ ಇಲ್ಲವಾದಾಗ ಮಷೀನು ಮಾರಿದವರು ಕೈ ಕೊಡವಿ, ಹೊಸ ಮಷೀನು ಕೊಳ್ಳಿ ಎಂದರು. ಅಕ್ಕ ಓದಿದ್ದು ಹತ್ತನೇ ತರಗತಿ, ಮೇಲೊಂದು ವರ್ಷ ರೇಡಿಯೊ ರಿಪೇರಿ. ಎರಡು ವರ್ಷ, ದಿನಾ ಮುಂಜಾನೆ ಕೂತು, ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಕೂರಿಸಿ, ಅದನ್ನು ಓದಿ ಹೊಲಿಸುವ ಸಾಫ್ಟ್‌ವೇರನ್ನು ತಾವೇ ಬರೆದರು. ಆಮೇಲೆ ಅದನ್ನು ಒಳಗಿನ ಸಾಲುಗಳ ಸಮೇತ ಅಂತರ್ಜಾಲದಲ್ಲಿ ಇಟ್ಟುಬಿಟ್ಟರು. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು. ಓಪನ್ ಸೋರ್ಸ್ ಎಂದು ದೊಡ್ಡವರು ಭಾಷಣ ಮಾಡುತ್ತಾರಲ್ಲ, ಅದು ಇದೇ.

"ಬಿಟ್ಟಿ ಯಾಕೆ ಕೊಟ್ರಿ?" ಎಂದೆ.

ಟಾರ್ಚು ಬಾಯಿಂದ ಕೈಗೆ ಬಂತು. "ನಾನು ಕಲಿತದ್ದೂ ಯಾರೋ ಹೀಗೆ ತೆರೆದಿಟ್ಟಿದ್ದನ್ನ ಓದೀನೇ ಸಾರ್. ಅವರೇನು ನನ್ನ ಹತ್ರ ಫೀಸು ಕೇಳಿದ್ರಾ?"

ಇವರದೊಂದು ರೂಢಿಯಿದೆ. ಸಾಫ್ಟ್‌ವೇರಿನಲ್ಲಿ ಏನು ಬದಲಾಯಿಸಿದರೂ ಮೇಲೆ ತಾರೀಕು ಹಾಕಿ, ಯಾಕೆ ಬದಲಾಯಿಸಿದೆ ಎಂದು ಒಂದೆರಡು ಸಾಲು ಬರೆಯುತ್ತಾರೆ. "ಟವೆಲಿನವರ ಮಷೀನು ಕೆಂಪು ದಾರ ಕೇಳಿದರೆ ನೀಲಿ ಕೊಡುತ್ತಿತ್ತು. ಸರಿಯಾಯಿತು." ಒಂಬತ್ತು ವರ್ಷದ ಹಿಂದಿನದು: "ಅತ್ತೆಯ ಬೆರಳೊಳಗೆ ಸೂಜಿ ಇಳಿಯಿತು. ತಪ್ಪು ನನ್ನದು. ಇನ್ನು ಮೇಲೆ ಗುಂಡಿ ಒತ್ತಿದ ಮೂರು ಸೆಕೆಂಡಿನ ನಂತರವೇ ಸೂಜಿ ಇಳಿಯಬೇಕು."

ಅತ್ತೆಗೆ ಈಗ ಎಪ್ಪತ್ಮೂರು. ಇದೇ ಅಂಗಡಿಯಲ್ಲಿ ಬ್ಯಾಡ್ಜು ಹೊಲಿಯುತ್ತಾರೆ. ಗುಂಡಿ ಒತ್ತಿದ ಮೇಲೂ ಬಟ್ಟೆಯನ್ನು ಇನ್ನೊಂದು ಸಲ ಸವರುವುದು ಅವರ ಹಳೇ ಚಾಳಿ. ಆ ಕೈ ಆಚೆ ಬರಲೆಂದೇ ಮೂರು ಸೆಕೆಂಡು.

ಹೋದ ವರ್ಷ ಒಂದು ಕಂಪನಿ ಇದೇ ವಿಧಾನ ತನ್ನದೆಂದು ಪೇಟೆಂಟಿಗೆ ಅರ್ಜಿ ಹಾಕಿತು. ಹನ್ನೊಂದು ಅಂಗಡಿಗಳಿಗೂ ಪತ್ರ ಬಂತು: ಪೇಟೆಂಟು ಸಿಕ್ಕ ದಿನದಿಂದ ನಮ್ಮ ಪೆನ್‌ಡ್ರೈವ್ ಪೆಟ್ಟಿಗೆಯನ್ನೇ ಕೊಳ್ಳಬೇಕು, ಇಲ್ಲವೇ ಮಷೀನು ನಿಲ್ಲಿಸಬೇಕು. ಮೂವತ್ನಾಲ್ಕು ಮಷೀನು ನಿಂತರೆ ಅರವತ್ತು ಹೆಂಗಸರಿಗೆ ಕೆಲಸವಿಲ್ಲ. ಪತ್ರಿಕೆಗಳು ಏನು ಮಾಡಿದವು? ಕಂಪನಿಯ ಯಜಮಾನ ಕೈಕಟ್ಟಿ ನಿಂತ ಫೋಟೊ ಹಾಕಿ, "ಸಣ್ಣ ಉದ್ಯಮಕ್ಕೆ ಮಹಾ ಆವಿಷ್ಕಾರ" ಎಂದು ಬರೆದವು. ಒಬ್ಬ ವರದಿಗಾರನೂ ಈ ಬೀದಿಗೆ ಕಾಲಿಡಲಿಲ್ಲ. ಕಂಪನಿ ಕೊಟ್ಟ ಕಾಗದವನ್ನೇ ತಂತ್ರಜ್ಞಾನ ಸುದ್ದಿ ಎಂದು ಅಚ್ಚು ಹಾಕುವ ನಮ್ಮವರಿಗೆ ನಾಚಿಕೆಯಾಗಬೇಕು. ಪೇಟೆಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊಸದನ್ನು ಕಂಡುಹಿಡಿದವನಿಗೆ ಸಲ್ಲಬೇಕಾದ್ದು ಸಲ್ಲಲಿ. ದಾರಿಹೋಕರಿಗೆಂದು ಬೇರೆಯವರು ಇಟ್ಟ ನೀರಿನ ಕೊಡಕ್ಕೆ ಬೀಗ ಜಡಿದು ಕೂರುವುದಕ್ಕೆ ಮಾತ್ರ ಬೇರೆ ಹೆಸರಿದೆ.

ಅಕ್ಕನ ಸಾಫ್ಟ್‌ವೇರನ್ನೇ ಬಳಸುವ, ಕಡಲಾಚೆಯ ಟೋಪಿ ಹೊಲಿಯುವವನೊಬ್ಬ ಆ ಅರ್ಜಿಯ ಪ್ರತಿಯನ್ನು ಕಳಿಸಿದ. "ಹದಿನೇಳನೇ ಪುಟ ನೋಡಿ" ಎಂದಷ್ಟೇ ಬರೆದಿದ್ದ. ಗುಂಡಿ ಒತ್ತಿದ ಮೇಲೆ ಮೂರು ಸೆಕೆಂಡು ಕಾಯುವುದು ತಮ್ಮ ವಿಶೇಷ ಶೋಧನೆ, ಮೋಟಾರು ಹದಕ್ಕೆ ಬರಲು ಅದು ಅಗತ್ಯ ಎಂದು ಅಲ್ಲಿ ಅಚ್ಚಾಗಿತ್ತು.

"ಮೊದಲು ನಗು ಬಂತು. ಆಮೇಲೆ ಅಳು. ಅತ್ತೆ ಬೆರಳಿಂದ ಬಂದ ರಕ್ತ ಒರೆಸಿದ್ದು ನಾನು ಸಾರ್. ಅದನ್ನೂ ಕದೀತಾರಾ?"

ಮೂರು ಪುಟದ ಆಕ್ಷೇಪಣೆ ಬರೆದು ಪೇಟೆಂಟು ಕಚೇರಿಗೆ ಕಳಿಸಿದರು. ವಿಚಾರಣೆಗೆ ಅತ್ತೆಯೂ ಹಟ ಹಿಡಿದು ಹೊರಟರು. ಕಂಪನಿಯ ವಕೀಲರು ಮೋಟಾರಿನ ಹದದ ಬಗ್ಗೆ ಅರ್ಧ ಗಂಟೆ ಮಾತಾಡಿದರಂತೆ. ಅಕ್ಕ ಎದ್ದು ನಿಂತು ಹೇಳಿದ್ದು ಇಷ್ಟೇ: "ಸಾರ್, ಈ ಮೋಟಾರಿಗೆ ಅರ್ಧ ಸೆಕೆಂಡೂ ಬೇಡ. ಮೂರು ಸೆಕೆಂಡು ಬೇಕಾಗಿರೋದು ನಮ್ಮತ್ತೆಗೆ."

ಅತ್ತೆ ಬೆರಳೆತ್ತಿ ತೋರಿಸಿದರು. "ನೋಡಪ್ಪಾ, ಇಲ್ಲೇ ಇಳಿದಿದ್ದು."

ಅಧಿಕಾರಿ ನಗು ತಡೆದುಕೊಂಡು, "ಬೆರಳಿನ ಮೇಲೆ ತಾರೀಕು ಇರಲ್ಲವಲ್ಲ ಅಮ್ಮಾ" ಎಂದರು.

"ಸೊಸೆ ಬರೆದಿಟ್ಟಿದ್ದಾಳೆ. ನನ್ನ ತಪ್ಪೆಲ್ಲ ಬರೆದಿಡೋದೇ ಅವಳ ಕೆಲಸ."

ಆ ಸಾಲು ಒಂಬತ್ತು ವರ್ಷದಿಂದ ಎಲ್ಲರ ಕಣ್ಣೆದುರೇ ಇತ್ತು. ಟೋಪಿಯವನ ಕಂಪ್ಯೂಟರಿನಲ್ಲೂ ಅದೇ ತಾರೀಕಿನ ಪ್ರತಿ ಸಿಕ್ಕಿತು. ಮೊದಲೇ ಜಗತ್ತಿಗೆ ತೆರೆದಿಟ್ಟದ್ದನ್ನು ಹೊಸದೆಂದು ಹೇಳಿ ಪೇಟೆಂಟು ಪಡೆಯುವಂತಿಲ್ಲ. ಎರಡು ತಿಂಗಳ ನಂತರ ಅರ್ಜಿ ತಿರಸ್ಕಾರವಾಯಿತು. ಬಿಟ್ಟಿ ಕೊಟ್ಟು ಕೆಟ್ಟಳು ಎಂದು ಬೀದಿ ಹಿಂದೆ ಆಡಿಕೊಳ್ಳುತ್ತಿತ್ತಂತೆ. ಬೀದಿಯನ್ನು ಉಳಿಸಿದ್ದು ಆ ಬಿಟ್ಟಿಯೇ. ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು: "ಯೋಜನೆ ಕೈಬಿಟ್ಟ ಕಂಪನಿ." ಅಕ್ಕನ ಸುದ್ದಿ ಅದರಲ್ಲಿ ಎಲ್ಲಿತ್ತು?

ಈ ಬಗ್ಗೆ ನನಗಿರುವಷ್ಟು ಸಿಟ್ಟು ಅವರಿಗಿಲ್ಲ. ಅವರ ತಲೆನೋವು ಬೇರೆ. ಎದುರಂಗಡಿಯ ಯಜಮಾನರು ಮೂರು ಸೆಕೆಂಡು ತೆಗೆಯಿರಿ ಎಂದು ಬೆನ್ನು ಬಿದ್ದಿದ್ದಾರೆ. ದಿನಕ್ಕೆ ನಾನೂರು ಸಲ ಗುಂಡಿ ಒತ್ತಿದರೆ ಇಪ್ಪತ್ತು ನಿಮಿಷ ದಂಡ ಎನ್ನುವುದು ಅವರ ಲೆಕ್ಕ.

"ತೆರೆದೇ ಇಟ್ಟಿದೀನಿ, ಬೇಕಾದ್ರೆ ನೀವೇ ತೆಗೀರಿ, ನನ್ನ ಕೈಯಲ್ಲಾಗಲ್ಲ ಅಂದೆ. ಅವರು ತೆಗೆಯೋಕೆ ಕೂತ್ರು ಸಾರ್. ಅವರ ಅಂಗಡಿ ಹೆಂಗಸರೇ ಬಿಡಲಿಲ್ಲ."

ಎಂಟಾಗುತ್ತದೆ. ಶಟರು ಪೂರ್ತಿ ಮೇಲೇರುತ್ತದೆ. ಅತ್ತೆ ಬಂದು, ಕನ್ನಡಕ ಏರಿಸಿ, ಬಟ್ಟೆ ಹೂಡಿ, ಗುಂಡಿ ಒತ್ತುತ್ತಾರೆ. ಬಟ್ಟೆಯನ್ನು ಇನ್ನೊಂದು ಸಲ ಸವರುತ್ತಾರೆ. ಆಮೇಲೆ ಕೈ ಮಡಿಲಿಗೆ ತಂದುಕೊಂಡು ಗಟ್ಟಿಯಾಗಿ ಎಣಿಸುತ್ತಾರೆ: "ಒಂದು, ಎರಡು, ಮೂರು." ಸೂಜಿ ಇಳಿಯುತ್ತದೆ.

"ನೋಡಿದ್ರಾ?" ಎನ್ನುತ್ತಾರೆ ನನ್ನ ಕಡೆ ತಿರುಗಿ. "ಸೊಸೆ ಕೇಳದಿದ್ರೂ ಮಷೀನು ನನ್ನ ಮಾತು ಕೇಳುತ್ತೆ."

ಫ್ಲಾಪಿ ಅಕ್ಕ ಸ್ಕ್ರೂಡ್ರೈವರ್ ಒರೆಸುತ್ತಾ, ತಲೆಯೆತ್ತದೆ ಕೇಳುತ್ತಾರೆ: "ಅದಕ್ಕೆ ಕೇಳೋದು ಕಲಿಸಿದ್ದು ಯಾರು ಅತ್ತೆ?"