ಬೆಟ್ಟದ ಮೇಲೆ ಕೂಗಿದ ಹೆಸರು

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಐವತ್ತರ ದಶಕದಲ್ಲಿ, ನನ್ನ ಮದುವೆಯಾದ ಹೊಸದರಲ್ಲಿ, ನನಗೊಬ್ಬ ಪ್ರತಿಸ್ಪರ್ಧಿ ಇದ್ದನು. ಆತ ತೀರಿಕೊಂಡು ಒಂಬೈನೂರು ವರ್ಷಗಳಾಗಿದ್ದವು.

ಆಗ ನಾನು ಹುಣಸೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನನ್ನ ಹೆಂಡತಿ ಅದೇ ಊರಿನ ಶಾಲೆಯಲ್ಲಿ ಲೆಕ್ಕದ ಉಪಾಧ್ಯಾಯಿನಿ. ಸದರಿ ಪ್ರತಿಸ್ಪರ್ಧಿ ಮುಸಲ್ಮಾನ ಖಗೋಳಜ್ಞ, ಗಣಿತಜ್ಞ. ನಮ್ಮ ದೇಶಕ್ಕೆ ಬಂದು ಸಂಸ್ಕೃತ ಕಲಿತವನು. ಒಂದು ಬೆಟ್ಟದ ತುದಿಯಲ್ಲಿ ನಿಂತು, ದಿಗಂತವು ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಅಳೆದು, ಭೂಮಿಯ ಗಾತ್ರವನ್ನೇ ಲೆಕ್ಕ ಹಾಕಿದವನು. ಆತನ ಹೆಸರು ಬರೆಯಲು ಇಂದಿಗೂ ನನ್ನ ಕೈ ಒಪ್ಪದು.

ಗಂಡನ ಹೆಸರು ಹೇಳಬಾರದೆಂಬ ಪದ್ಧತಿಯಂತೆ ಆಕೆ ನನ್ನನ್ನು 'ರೀ' ಎಂದಷ್ಟೇ ಕರೆಯುತ್ತಿದ್ದಳು. ಆತನ ಹೆಸರನ್ನಾದರೋ ಒಲೆಯ ಮುಂದೆಯೂ ಬಾಯಿತುಂಬ ಹೇಳುತ್ತಿದ್ದಳು. ನನ್ನ ಹೆಸರನ್ನೂ ಒಮ್ಮೆ ಹಾಗೆಯೇ ಹೇಳಲಿ ಎಂಬುದೊಂದೇ ನನ್ನ ಕೋರಿಕೆಯಾಗಿತ್ತು. ಕೋರಿಕೆಯನ್ನು ಸಲ್ಲಿಸುವ ಧೈರ್ಯವಿರಲಿಲ್ಲ.

ಒಂದು ಭಾನುವಾರ ಆಕೆ ತಾನೂ ಭೂಮಿಯನ್ನು ಅಳೆಯುವೆನೆಂದು ನನ್ನನ್ನು ಬೆಟ್ಟದಪುರದ ಬೆಟ್ಟಕ್ಕೆ ಹತ್ತಿಸಿದಳು. ಡಿಗ್ರಿ ಕೊರೆದ ಹಲಗೆ ಆಕೆಯ ಕೈಯಲ್ಲಿ. ಕಣ್ಣಿನ ಮಟ್ಟಕ್ಕೆ ಗುರುತು ಮಾಡಿದ ಬಿದಿರಿನ ಗಳುವನ್ನು ಹಿಡಿದು ದೂರದ ಬಂಡೆಯ ಮೇಲೆ ನಾನು. ಪರರ ಕೀರ್ತಿಗೆ ಗಳು ಹಿಡಿದಿದ್ದೇನೆಂದು ಹೊಟ್ಟೆ ಉರಿಯುತ್ತಿತ್ತು.

"ರೀ!" ಎಂದು ಕೂಗಿದಳು. ಬೆಟ್ಟದ ದೇವರ ದರ್ಶನಕ್ಕೆ ಬಂದಿದ್ದ ಗಂಡಸರೆಲ್ಲ ತಿರುಗಿದರು. ಗಾಳಿಗೆ ನನಗೆ ಕೇಳಿಸಲಿಲ್ಲ. ಆಗ ಬೇರೆ ದಾರಿ ಕಾಣದೆ ಆಕೆ ಆ ಖಗೋಳಜ್ಞನ ಹೆಸರನ್ನೇ ಗಂಟಲು ಹರಿಯುವಂತೆ ಕೂಗಿದಳು. ನಾನು ಓಗೊಟ್ಟು ಓಡಿ ಬಂದೆ.

ಆಕೆಯ ಪಕ್ಕದಲ್ಲಿ ಕುಳಿತಿದ್ದ ಮುದುಕಿ ಗದರಿದಳು: "ಗಂಡನ್ ಎಸ್ರ ಇಂಗೆ ಕೂಗ್ತೀಯಲ್ಲ ತಾಯಿ, ನಾಚ್ಕೆ ಆಗಕಿಲ್ವಾ?"

"ಅದು ಇವರ ಹೆಸರಲ್ಲ ಕಣಜ್ಜಿ, ಬೇರೆಯವರದು."

"ಅಂಗಾದ್ರೆ ಇನ್ನೂ ಚೆಂದಾಯ್ತು ಬುಡು!"

ಹೆಂಡತಿ ನಗು ತಡೆದುಕೊಂಡು ಪಶ್ಚಿಮಕ್ಕೆ ಕೈ ತೋರಿದಳು. "ಗಳು ಇಳಿಸಿ ಅನ್ನೋಕೆ ಕರೆದೆ ಕಣ್ರೀ. ಕೊಡಗಿನ ಬೆಟ್ಟಗಳು ಅಡ್ಡ ಬಂದವೆ, ದಿಗಂತಾನೇ ಕಾಣಾಕಿಲ್ಲ. ಅವರು ಅಳೆದಾಗ ಮುಂದೆ ಬರೀ ಬಯಲಿತ್ತು."

ಆತ ಗೆದ್ದದ್ದು ಬಯಲಿನಿಂದ ಎಂದು ನನಗೆ ಸಮಾಧಾನವಾಯಿತು. ಆದರೆ ಅಂದಿನಿಂದ ಜನರ ನಡುವೆ ನನ್ನನ್ನು ಕರೆಯಬೇಕಾದಾಗಲೆಲ್ಲ ಆಕೆ ಆ ಹೆಸರನ್ನೇ ಬಳಸತೊಡಗಿದಳು. ನಾನೂ ಓಗೊಡುತ್ತಾ ಬಂದಿದ್ದೇನೆ. ನನ್ನ ಸ್ವಂತ ಹೆಸರಿನ ಕೋರಿಕೆ ಮಾತ್ರ ಈವರೆಗೆ ಇತ್ಯರ್ಥವಾಗಿರುವುದಿಲ್ಲ.